ಬಿಸಿ ಬಟ್ಟೆಗೆ ನೀರೇ ಪರೀಕ್ಷೆ

ಬ್ಯಾಟರಿಯಿಂದ ಬಿಸಿಯಾಗುವ ಜಾಕೆಟ್ಟಿನೊಳಗೆ ಈಗ ತಂತಿಯ ಬದಲು ಶಾಯಿ ಬರತೊಡಗಿದೆ. ಬೆಳ್ಳಿಯ ಸೂಕ್ಷ್ಮ ಚಕ್ಕೆಗಳನ್ನೋ ಇಂಗಾಲದ ಪುಡಿಯನ್ನೋ ಅಂಟಿನಲ್ಲಿ ಕಲಸಿ ಬಟ್ಟೆಯ ಮೇಲೆ ಅಚ್ಚು ಹಾಕುತ್ತಾರೆ. ಚಕ್ಕೆಗೆ ಚಕ್ಕೆ ತಾಗಿಕೊಂಡಿದ್ದರಷ್ಟೇ ಕರೆಂಟು ಹರಿಯುತ್ತದೆ. ನೆನೆಸಿದಾಗ ಅಂಟು ಉಬ್ಬುತ್ತದೆ, ಹಿಂಡಿದಾಗ ಬಿರಿಯುತ್ತದೆ. 5 ವೋಲ್ಟಿನ ಪವರ್ ಬ್ಯಾಂಕಿಗೆ 2 ಓಮ್‌ನ ಪಟ್ಟಿ ಜೋಡಿಸಿದರೆ 12.5 ವ್ಯಾಟ್ ಶಾಖ. ಒಗೆದು ಒಗೆದು ರೋಧ 4 ಓಮ್‌ಗೆ ಏರಿತೋ, ಶಾಖ ಅರ್ಧಕ್ಕಿಳಿಯಿತು. ಅರೆಬಿರಿದ ಜಾಗವೊಂದೇ ಸುಡತೊಡಗಿದರಂತೂ ಅಪಾಯ. ಮೇಲೆ ಪಾಲಿಯುರೆಥೇನ್ ಹಾಳೆ ಹೊದಿಸಿದರೆ ಶಾಯಿ ಬಾಳುತ್ತದೆ, ಆದರೆ ಮೈಯ ಬೆವರು ಆರುವುದಿಲ್ಲ.

ಕಬ್ಬು ಕಡಿದ ಮೇಲೆ ಮಸಗುಪ್ಪಿ, ಗೋಕಾಕ ಸೀಮೆಯ ಹೊಲಗಳಲ್ಲಿ ಕುರಿ ತರುಬುವವರ ಹೆಗಲ ಮೇಲಿನ ಕರಿ ಕಂಬಳಿಯನ್ನು ಈ ಕಣ್ಣಿನಿಂದ ನೋಡಬೇಕು. ಅದಕ್ಕೂ ಒಂದು ಲೇಪವಿದೆ: ಹುಣಸೆ ಬೀಜದ ಗಂಜಿ. ಬೀಜದ ಸಿಪ್ಪೆ ತೆಗೆದು, ಅರೆದು, ಕುದಿಸಿ, ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ಎಳೆಗಳಿಗೆ ಕುಂಚದಿಂದ ಬಳಿಯುತ್ತಾರೆ. ದಖ್ಖನಿ ಕುರಿಯ ಉಣ್ಣೆ ಒರಟು. ಗಂಜಿಯಿಲ್ಲದಿದ್ದರೆ ನೂಲಿನ ಜುಂಗು ಒಂದಕ್ಕೊಂದು ಸಿಕ್ಕಿ ಎಳೆ ಹರಿಯುತ್ತದೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುವುದು ಇದರಿಂದಲೇ. ಒಗೆದಂತೆ ಗಂಜಿ ಬಿಡುತ್ತದೆ, ಕಂಬಳಿ ಮೆತ್ತಗಾಗುತ್ತದೆ, ಬೆಚ್ಚಗಿರುವುದು ಮಾತ್ರ ಬಿಡುವುದಿಲ್ಲ. ಏಕೆಂದರೆ ಶಾಖ ಕಾಯುವುದು ಲೇಪವಲ್ಲ, ಸುರುಳಿ ಎಳೆಗಳ ನಡುವೆ ನಿಂತ ಗಾಳಿ. ಉಣ್ಣೆ ತನ್ನ ಒಣ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಹಸಿ ಅನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಕೊಡುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ನಿಂತ ಕುರುಬನಿಗೆ ಇದು ಪುಸ್ತಕದ ಮಾತಲ್ಲ.

ಶಾಯಿಯ ಸಂಶೋಧನೆ ನನಗೆ ಬೇಡವೆಂದಲ್ಲ. ಹಿಮಗಡಿಯ ಸೈನಿಕನಿಗೆ, ಕೀಲುನೋವಿನ ಮುದುಕರಿಗೆ ಅದು ಬೇಕು. ಘಟಪ್ರಭೆಯ ನೀರಿನ ಬಲದಿಂದ 1887ರಲ್ಲೇ ಗಿರಣಿ ನಡೆಸಿದ ನಾಡು ಯಂತ್ರಕ್ಕೆ ಹೆದರಬೇಕಿಲ್ಲ. ಆದರೆ ನಮ್ಮ ಡಿಸೆಂಬರ್ ಚಳಿಗೆ ಕಂಬಳಿಯೇ ಮೇಲು.

ಕೊಳ್ಳುವಾಗ ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ತಣ್ಣೀರಿನಲ್ಲೇ ತೊಳೆಯಿರಿ, ಹಿಂಡದೆ ನೆರಳಲ್ಲಿ ಹರವಿ. ನೇಯ್ದವರ ಕೈಗೇ ದುಡ್ಡು ಕೊಡಿ, ಚೌಕಾಸಿ ಮಾಡಬೇಡಿ.