ತೊಳೆದರೆ ಹೋಗದ ವಾಸನೆ

ದಾಂಡೇಲಿ ಕಡೆಯ ಗಾಳಿಯ ಬಗ್ಗೆ ಬರೆಯುವವರೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ಸ್ಕ್ರಬ್ಬರ್ ಇದ್ದರೆ ಎಲ್ಲ ಸರಿಹೋಗುತ್ತದೆ. ಹೊಗೆಯನ್ನು ನೀರಿನಲ್ಲಿ ತೊಳೆದುಬಿಡುವ ಈ ಗೋಪುರಕ್ಕೆ ಯೋಗ್ಯತೆಗಿಂತ ಹೆಚ್ಚು ಹೆಸರು ಬಂದಿದೆ. ಆ ಗಾಳಿಗೆ ವಾಸನೆ ತುಂಬುವ ಊರಿನ ಕಾಗದ ಕಾರ್ಖಾನೆ 1955ರ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಅದರ ಬಿದಿರು, ಕಾಳಿ ನದಿಯ ನೀರು, ಬಂಗೂರನಗರವೆಂಬ ಕಾಲೊನಿ: ಈ ಕತೆ ಓದುಗರಿಗೆ ಗೊತ್ತಿರುವುದೇ. ನೇರ ವಾಸನೆಗೆ ಬರೋಣ.

ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಬೆರೆಸಿ ಬೇಯಿಸುವ ಕ್ರಾಫ್ಟ್ ವಿಧಾನದಲ್ಲಿ ಮುಖ್ಯವಾಗಿ ನಾಲ್ಕು ಗಂಧಕದ ಅನಿಲಗಳು ಏಳುತ್ತವೆ. ಹೈಡ್ರೋಜನ್ ಸಲ್ಫೈಡ್ ಆಮ್ಲ. ಕಾಸ್ಟಿಕ್ ನೀರು ಸಿಕ್ಕರೆ ಅದರಲ್ಲೇ ಉಳಿಯುತ್ತದೆ. ಮೀಥೈಲ್ ಮರ್ಕ್ಯಾಪ್ಟನ್ ತೀರ ದುರ್ಬಲ ಆಮ್ಲ. ಪಿಎಚ್ 12ರ ಆಸುಪಾಸು ಇದ್ದರಷ್ಟೇ ಹಿಡಿತಕ್ಕೆ ಬರುತ್ತದೆ, ಇಳಿದರೆ ಹಿಡಿದದ್ದೂ ಜಾರುತ್ತದೆ. ಡೈಮೀಥೈಲ್ ಸಲ್ಫೈಡ್, ಡೈಮೀಥೈಲ್ ಡೈಸಲ್ಫೈಡ್ ಆಮ್ಲಗಳೇ ಅಲ್ಲ. ಗೋಪುರದ ಕೆಳಗೆ ಹೊಕ್ಕು ಮೇಲೆ ಹೊರಬೀಳುತ್ತವೆ. ಬಾಯ್ಲರಿನ ಹೊಗೆಯನ್ನೇ ತೊಳೆಯಹೊರಟರೆ ಇನ್ನೊಂದು ಪೀಡೆ. ಅದರಲ್ಲಿ ತುಂಬಿರುವ ಇಂಗಾಲದ ಡೈಆಕ್ಸೈಡ್, ಕರೆಯದೆ ಬಂದವರು ಪಂಕ್ತಿ ತುಂಬಿದ ಹಾಗೆ, ಕ್ಷಾರವನ್ನೆಲ್ಲ ತಿಂದು ಮುಗಿಸುತ್ತದೆ.

ಶೇಕಡಾ ತೊಂಬತ್ತು ಹಿಡಿದೆವು ಎಂದು ಬೀಗುವ ಇಂಜಿನಿಯರುಗಳ ಜೊತೆ ನನ್ನ ತಕರಾರು ಇಲ್ಲೇ. ದೊಡ್ಡ ಕಾಗದ ಕಾರ್ಖಾನೆಗಳ ಚಿಮಣಿಗೆ ಹಾಕಿರುವ ಮಿತಿ ಘನಮೀಟರಿಗೆ 10 ಮಿಲಿಗ್ರಾಂ ಹೈಡ್ರೋಜನ್ ಸಲ್ಫೈಡ್, ಅಂದರೆ ದಶಲಕ್ಷಕ್ಕೆ ಸುಮಾರು ಆರೂವರೆ ಭಾಗ. ಮೂಗಿಗೋ ಶತಕೋಟಿಗೆ ಕೆಲವೇ ಭಾಗ ಸಾಕು. ಮಿತಿಯೊಳಗಿದ್ದೂ ಊರು ನಾರಬಹುದು. ಎದುರು ಪಾಳಯದ ಪರಿಸರ ಬರಹಗಾರರೂ ಕಮ್ಮಿಯಿಲ್ಲ. ಸ್ಕ್ರಬ್ಬರಿನಿಂದ ಏಳುವ ಬಿಳಿ ಆವಿಯ ಫೋಟೊ ಹಾಕಿ ವಿಷದ ಹೊಗೆ ಎಂದು ಬೊಬ್ಬೆ ಹಾಕುತ್ತಾರೆ. ಆ ಬಿಳಿ ಬಹುಪಾಲು ನೀರೇ. ನಾರುವ ಅನಿಲಗಳಿಗೆ ಬಣ್ಣವೇ ಇಲ್ಲ, ಫೋಟೊಗೆ ಅವು ಸಿಗುವುದು ಹೇಗೆ?

ಬ್ಲೀಚಿಂಗ್ ವಿಭಾಗದ ಕ್ಲೋರಿನ್ ಹಿಡಿಯಲು ಕಾಸ್ಟಿಕ್ ಸ್ಕ್ರಬ್ಬರ್ ಒಳ್ಳೆಯ ಆಳು, ಒಪ್ಪುತ್ತೇನೆ. ತೊಳೆಯುವ ನೀರಿಗೆ ಹೈಪೋಕ್ಲೋರೈಟ್ ಬೆರೆಸಿದರೆ ಆಮ್ಲವಲ್ಲದ ಆ ಹಟಮಾರಿ ಡೈಮೀಥೈಲ್ ಜೋಡಿಯೂ ಬಗ್ಗೀತು. ಖರ್ಚು ಯಾರದು? ತೊಳೆದ ನೀರು ಎಲ್ಲಿಗೆ? ಗಾಳಿಯ ಹೊರೆ ನೀರಿನ ಹೊರೆಯಾಗುತ್ತದೆ, ಅಷ್ಟೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2003ರ ಸನ್ನದಿನಲ್ಲಿ ಕಾಗದ ಉದ್ಯಮಕ್ಕೆ ಹೇಳಿದ್ದು ಸುಡಲು: ನಾರುವ ಅನಿಲಗಳನ್ನು ಬಾಯ್ಲರಿಗೋ ಸುಣ್ಣದ ಗೂಡಿಗೋ ಊಡಿ, ನಾಲ್ಕು ವರ್ಷದೊಳಗೆ ಎಂದು. ಬೆಂಕಿಗೆ ಆಮ್ಲ, ಆಮ್ಲವಲ್ಲದ್ದು ಎಂಬ ಭೇದವಿಲ್ಲ. ನಾಲ್ಕೂ ಅನಿಲಗಳ ಗಂಧಕ ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಗೂಡಿನ ಸುಣ್ಣ ಅದರಲ್ಲಿ ಬಹಳಷ್ಟನ್ನು ಹೀರಿಕೊಳ್ಳುತ್ತದೆ. ಮಿಕ್ಕದ್ದನ್ನು ತೊಳೆಯಲು ಸ್ಕ್ರಬ್ಬರ್ ಬರಲಿ. ಸಲ್ಫರ್ ಡೈಆಕ್ಸೈಡ್ ನೀರಿಗೆ ಒಗ್ಗುವ ಅನಿಲ.