ಇನ್ನೂರಕ್ಕೇ ನಿಂತ ಮಾಸಾಶನ

ಪಿಂಚಣಿ ಎಂದೊಡನೆ ನಮ್ಮಲ್ಲಿ ಮಾತು ಹಳೆಯ ಯೋಜನೆ ಓಪಿಎಸ್ಸೋ ಹೊಸ ಯೋಜನೆ ಎನ್‌ಪಿಎಸ್ಸೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದ ಕರ್ನಾಟಕದ ಸರ್ಕಾರಿ ನೌಕರರು ಹಳೆಯ ಪಿಂಚಣಿಗಾಗಿ ಧರಣಿ ಕೂರುತ್ತಾರೆ. ಹಳೆಯ ಪಿಂಚಣಿಗೆ ಮರಳಿದ ಹಿಮಾಚಲ, ರಾಜಸ್ಥಾನಗಳನ್ನು ತೋರಿಸಿ ಒಬ್ಬರು ವಾದಿಸಿದರೆ, ಬೊಕ್ಕಸ ಬರಿದಾದೀತೆಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಈ ನಡುವೆ ಕೇಂದ್ರ ಸರ್ಕಾರ, ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧದಷ್ಟನ್ನು ಖಾತರಿಪಡಿಸುವ ಏಕೀಕೃತ ಪಿಂಚಣಿ ಯೋಜನೆಯನ್ನು 2025ರ ಏಪ್ರಿಲ್‌ನಲ್ಲಿ ಜಾರಿಗೆ ತಂದಿತು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಆದರೆ ದೇಶದಲ್ಲಿ ದುಡಿಯುವ ಹತ್ತು ಮಂದಿಯಲ್ಲಿ ಹೆಚ್ಚುಕಡಿಮೆ ಒಂಬತ್ತು ಮಂದಿ ಅಸಂಘಟಿತರು. ಈ ಜಗಳ ಹೇಗೆ ಮುಗಿದರೂ ಅವರಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅವರಲ್ಲಿ ಬಡವರಾದವರಿಗೆ ದೆಹಲಿಯಿಂದ ಬರುವುದು ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ.

1995ರ ಆಗಸ್ಟ್ 15ರಂದು ಯೋಜನೆ ಶುರುವಾದಾಗ ಈ ಪಾಲು 75 ರೂಪಾಯಿ ಇತ್ತು. 2006ರಲ್ಲಿ 200 ಆಯಿತು. 2011ರಲ್ಲಿ ಎಂಬತ್ತು ದಾಟಿದವರಿಗೆ 500 ಮಾಡಿದರು. ಅದಕ್ಕಿಂತ ಕಿರಿಯರಿಗೆ 2006ರಿಂದ ಬಿಡಿಗಾಸೂ ಏರಿಲ್ಲ. ಅಷ್ಟರಲ್ಲಿ ಬೆಲೆಗಳು ಮೂರು ಪಟ್ಟಿಗೂ ಮೀರಿ ಏರಿವೆ. ಅಂದರೆ ಇಂದಿನ 200ಕ್ಕೆ ಸಿಗುವುದು 2006ರಲ್ಲಿ ಸುಮಾರು ಅರವತ್ತು ರೂಪಾಯಿಗೆ ಸಿಗುತ್ತಿದ್ದಷ್ಟು ಸಾಮಾನು. 1995ರ 75 ರೂಪಾಯಿಯೇ ಇದಕ್ಕಿಂತ ಭಾರವಾಗಿತ್ತು. ವೃದ್ಧಾಪ್ಯ ವೇತನ ಕಡಿತಗೊಳಿಸುವ ಆದೇಶವನ್ನು ಯಾವ ಸರ್ಕಾರವೂ ಹೊರಡಿಸಿಲ್ಲ. ಹೊರಡಿಸುವ ಅಗತ್ಯವೂ ಬಿದ್ದಿಲ್ಲ. ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ಹಣದುಬ್ಬರ ನೋಡಿಕೊಳ್ಳುತ್ತದೆ. ನಮ್ಮ ಪಿಂಚಣಿ ವ್ಯವಸ್ಥೆಯ ದೊಡ್ಡ ಕೊರತೆ ಇರುವುದು ಈ ಸುಮ್ಮನಿರುವಿಕೆಯಲ್ಲಿ. ಬೆಲೆ ಏರಿಕೆಯನ್ನು ಅಳೆಯಲು ಬಾರದೆ ಹೀಗಾಯಿತು ಎನ್ನುವಂತೆಯೂ ಇಲ್ಲ. ಇದೇ ಸರ್ಕಾರ ತನ್ನ ನಿವೃತ್ತ ನೌಕರರಿಗೆ ಜನವರಿ ಮತ್ತು ಜುಲೈನಿಂದ ಅನ್ವಯವಾಗುವಂತೆ ವರ್ಷಕ್ಕೆರಡು ಬಾರಿ ಸೂಚ್ಯಂಕ ನೋಡಿ ತುಟ್ಟಿ ಪರಿಹಾರ ಲೆಕ್ಕ ಹಾಕುತ್ತದೆ. ಅದು ಸರಿಯಾದ ಕ್ರಮವೇ. ಅಕ್ಕಿ ಬೇಳೆಯ ದರ ಏರುವುದು ಮಾಜಿ ತಹಶೀಲ್ದಾರರಿಗೂ ಕೂಲಿಯಾಗಿದ್ದ ಅಜ್ಜಿಗೂ ಒಂದೇ ಅಂಗಡಿಯಲ್ಲಿ.

ಸಂಘಟಿತ ವಲಯದ ಕಾರ್ಮಿಕರ ಪಿಂಚಣಿ ಯೋಜನೆ ಇಪಿಎಸ್-95 ಕೂಡ ಇದೇ ಜಾಡಿನದು. ಇಂದು ಪೀಣ್ಯದ ಗಾರ್ಮೆಂಟ್ಸ್ ಒಂದಕ್ಕೆ ಸೇರಿ, ಹದಿನೈದು ವರ್ಷ ದುಡಿದು, 15,000 ರೂಪಾಯಿಯ ವೇತನ ಮಿತಿಯಲ್ಲೇ 58ಕ್ಕೆ ನಿವೃತ್ತಳಾಗುವ ಹೆಣ್ಣುಮಗಳ ಲೆಕ್ಕ ಹಾಕಿ. 15,000ವನ್ನು 15ರಿಂದ ಗುಣಿಸಿ 70ರಿಂದ ಭಾಗಿಸಬೇಕು: ತಿಂಗಳಿಗೆ 3,214 ರೂಪಾಯಿ. ಅವಳಿಗೆ 78 ತುಂಬಿದಾಗಲೂ ಅದು 3,214ರಲ್ಲೇ ಇರುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಷ್ಟು ಏರಿದರೆ ಅಷ್ಟು ಹೊತ್ತಿಗೆ ಅದರ ಬೆಲೆ ನಿವೃತ್ತಿಯ ದಿನದ ಲೆಕ್ಕದಲ್ಲಿ ಸುಮಾರು 1,200. ಕನಿಷ್ಠ ಪಿಂಚಣಿಯನ್ನು 1,000ಕ್ಕೆ ನಿಗದಿ ಮಾಡಿದ್ದು 2014ರ ಸೆಪ್ಟೆಂಬರ್‌ನಲ್ಲಿ. ದಶಕ ಕಳೆದರೂ ಅದು ಮಿಸುಕಿಲ್ಲ. ಹೆಚ್ಚಿಸಿ ಎಂದಾಗಲೆಲ್ಲ ಸಿಗುವ ಉತ್ತರ, ನಿಧಿಯಲ್ಲಿ ಕೊರತೆಯಿದೆ ಎಂಬುದು. ಕೊರತೆ ನಿಜ. ಆದರೆ ಈ ನಿಧಿಗೆ ಮಾಲೀಕರು ಕಟ್ಟುವ ಶೇ 8.33ರ ಜೊತೆ ಸರ್ಕಾರ ಸೇರಿಸುವುದು ಶೇ 1.16 ಮಾತ್ರ. ಏಕೀಕೃತ ಯೋಜನೆಯಲ್ಲಿ ತನ್ನ ನೌಕರರಿಗಾಗಿ ಅದೇ ಸರ್ಕಾರ ಒಪ್ಪಿಕೊಂಡಿರುವ ಪಾಲು ಶೇ 18.5. ಅಲ್ಲಿ ಅದು ಮಾಲೀಕನ ಸ್ಥಾನದಲ್ಲಿದೆ, ಇಲ್ಲಿಲ್ಲ ಎಂಬ ಸಮಜಾಯಿಷಿ ಕೊಡಬಹುದು. ಅಂತರ ಇಷ್ಟಿರಬೇಕೇ ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ದುಡ್ಡೆಲ್ಲಿದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಕೇಂದ್ರದ ವೃದ್ಧಾಪ್ಯ ವೇತನ ಪಡೆಯುವವರು ಸುಮಾರು 2.2 ಕೋಟಿ. ಬೆಲೆ ಏರಿಕೆಗೆ ಸರಿದೂಗಿಸಿ 200ನ್ನು 700 ಮಾಡಿದರೆ ವರ್ಷಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 13,200 ಕೋಟಿ ರೂಪಾಯಿ. 2025-26ರ ಕೇಂದ್ರ ಬಜೆಟ್‌ನ ಗಾತ್ರ 50 ಲಕ್ಷ ಕೋಟಿ ದಾಟಿತ್ತು; ಅದರಲ್ಲಿ ಸೈನಿಕರೂ ಸೇರಿದಂತೆ ತನ್ನ ನಿವೃತ್ತರಿಗೆ ಕೇಂದ್ರ ಎತ್ತಿಟ್ಟದ್ದು ಸುಮಾರು 2.77 ಲಕ್ಷ ಕೋಟಿ. ವೃದ್ಧರು, ವಿಧವೆಯರು, ಅಂಗವಿಕಲರು ಎಲ್ಲರೂ ಸೇರಿದ ಸಾಮಾಜಿಕ ನೆರವಿಗೆ 9,652 ಕೋಟಿ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮುಂದಿನ ದಿನಗಳದು. 2022ರಲ್ಲಿ ಸುಮಾರು 15 ಕೋಟಿಯಿದ್ದ ಅರವತ್ತು ದಾಟಿದವರ ಸಂಖ್ಯೆ 2050ರ ಹೊತ್ತಿಗೆ 35 ಕೋಟಿಯ ಹತ್ತಿರ ಬರುತ್ತದೆಂದು ಅಂದಾಜು. ಇಂಥ ಹೊತ್ತಿನಲ್ಲಿ ಸೂಚ್ಯಂಕಕ್ಕೆ ಕಟ್ಟಿಬಿದ್ದರೆ ಮುಂದಿನ ಸರ್ಕಾರಗಳ ಕೈಕಟ್ಟಿದಂತಾಗದೇ? ಇಲ್ಲಿ ಎರಡು ಬೇರೆ ಹೊರೆಗಳನ್ನು ಒಂದೇ ಗಂಟಿಗೆ ಕಟ್ಟಲಾಗುತ್ತಿದೆ. ಮುದುಕರ ಸಂಖ್ಯೆ ಹೆಚ್ಚುವುದು ನಿಜವಾದ ಹೊರೆ, ಅದನ್ನು ಹೊರಲೇಬೇಕು. ಬೆಲೆಗೆ ತಕ್ಕಂತೆ ಮೊತ್ತ ಏರಿಸುವುದು ಹಾಗಲ್ಲ. ಬೆಲೆ ಏರಿದಾಗ ಜಿಎಸ್‌ಟಿ ವಸೂಲಿಯೂ ಏರುತ್ತದೆ, ಆದಾಯ ತೆರಿಗೆಯೂ ಏರುತ್ತದೆ. ಸರ್ಕಾರದ ವರಮಾನ ತಾನಾಗಿಯೇ ಸೂಚ್ಯಂಕದ ಬೆನ್ನು ಹತ್ತಿರುವಾಗ ಮಾಸಾಶನವನ್ನು ಮಾತ್ರ ನಿಲ್ಲಿಸಿದರೆ, ಉಳಿತಾಯವಾದದ್ದೆಲ್ಲ ಮುದುಕರ ಕೈಯಿಂದ ಜಾರಿದ್ದೇ.

ಕೇಂದ್ರ ಬಿಟ್ಟ ಜಾಗವನ್ನು ರಾಜ್ಯಗಳು ತುಂಬುತ್ತಿವೆಯಲ್ಲ ಎನ್ನುವವರಿದ್ದಾರೆ. ಹೌದು, ಕರ್ನಾಟಕದಲ್ಲಿ 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ ಎಂದು 2021ರಲ್ಲಿ ನಿಗದಿಯಾಯಿತು. ದಿನಕ್ಕೆ 40 ರೂಪಾಯಿ. ಎರಡು ವರ್ಷದ ನಂತರ ಬಂದ ಗೃಹಲಕ್ಷ್ಮಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ಕೊಡುತ್ತದೆ. ಮನಸ್ಸು ಮಾಡಿದರೆ ರಾಜ್ಯದ ಬೊಕ್ಕಸ ಎಷ್ಟು ಹಿಗ್ಗಬಲ್ಲದೆಂಬುದಕ್ಕೆ ಅದು ಸಾಕ್ಷಿ. ಬಿಹಾರದಲ್ಲಿ 400 ಇದ್ದದ್ದು 2025ರ ಜೂನ್‌ನಲ್ಲಿ ಒಮ್ಮೆಗೇ 1,100ಕ್ಕೆ ನೆಗೆಯಿತು. ವಿಧಾನಸಭಾ ಚುನಾವಣೆ ನಡೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆಂಧ್ರದಲ್ಲಿ 4,000 ಆದದ್ದು 2024ರಲ್ಲಿ ಸರ್ಕಾರ ಬದಲಾದ ಮೇಲೆ. ಬೆಲೆ ಸೂಚ್ಯಂಕದ ಜಾಗದಲ್ಲಿ ಚುನಾವಣೆ ಕೂತಿದೆ. ಏರಿಸಿದ್ದು ಒಳ್ಳೆಯದೇ ಆದರೂ, ಹಕ್ಕಾಗಿ ಬರಬೇಕಾದದ್ದು ಹೀಗೆ ಕೊಡುಗೆಯಾಗಿ ಬಂದರೆ ಮುಂದಿನ ಏರಿಕೆಗೆ ಮುಂದಿನ ಚುನಾವಣೆಯವರೆಗೆ ಕಾಯಬೇಕು.

ಮಕ್ಕಳು ನೋಡಿಕೊಳ್ಳಲಿ ಎಂಬ ವಾದಕ್ಕೆ ಹೆಚ್ಚು ಹೇಳಬೇಕಿಲ್ಲ. ಪೋಷಕರ ನಿರ್ವಹಣೆಗೆ 2007ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ ಈಗಾಗಲೇ 1.7ಕ್ಕೆ ಇಳಿದಿದೆ. ಇನ್ನು, ಜನ ತಾವೇ ಉಳಿಸಿಕೊಳ್ಳಲಿ ಎಂದು 2015ರಲ್ಲಿ ತಂದ ಅಟಲ್ ಪಿಂಚಣಿ ಯೋಜನೆ ಅರವತ್ತರ ನಂತರ ಖಾತರಿಪಡಿಸುವುದು ಸಾವಿರದಿಂದ ಐದು ಸಾವಿರ. ಮೂವತ್ತರ ಆಟೋ ಚಾಲಕನೊಬ್ಬ ಇಂದು ಸೇರಿದರೆ, ಬೆಲೆ ವರ್ಷಕ್ಕೆ ಶೇ 6ರಂತೆ ಏರುತ್ತಾ ಹೋದಲ್ಲಿ, ಅವನ ಕೈಗೆ ಬರುವ ಐದು ಸಾವಿರದ ಮೌಲ್ಯ ಇಂದಿನ 870 ರೂಪಾಯಿ. ತುಟ್ಟಿ ಪರಿಹಾರದ ಕಡತ ಆರು ತಿಂಗಳಿಗೊಮ್ಮೆ ಸಂಪುಟದ ಮುಂದೆ ಬಂದೇ ಬರುತ್ತದೆ. ವೃದ್ಧಾಪ್ಯ ವೇತನ, ಇಪಿಎಸ್, ಅಟಲ್ ಪಿಂಚಣಿ ಮೂರನ್ನೂ ಅದೇ ಸೂಚ್ಯಂಕಕ್ಕೆ ಜೋಡಿಸಲು ಹೊಸ ಇಲಾಖೆಯಾಗಲಿ ಹೊಸ ಸಮೀಕ್ಷೆಯಾಗಲಿ ಬೇಕಾಗಿಲ್ಲ.