ಮೊದಲು ಕೋಚ್ ಕುರ್ಚಿ, ಆಮೇಲೆ ಊರು

2023ರ ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್‌ನ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಂಡಾಗ ಮೊದಲ ಹೆಸರು ಬ್ರೈಸ್ ಯಂಗ್‌ನದು, ಎರಡನೆಯದು ಸಿ.ಜೆ. ಸ್ಟ್ರೌಡ್‌ನದು. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡೆಸೆದು ಇಡೀ ಆಕ್ರಮಣವನ್ನು ನಡೆಸುವವರು. ಇಬ್ಬರೂ ದಕ್ಷಿಣ ಕ್ಯಾಲಿಫೋರ್ನಿಯಾದವರು, ಹೈಸ್ಕೂಲು ಮುಗಿಸಿ ಕಾಲೇಜು ಸೇರಿದ್ದೂ ಒಂದೇ ವರ್ಷ, 2020ರಲ್ಲಿ. ಆ ವರ್ಷ ಅದೇ ಸೀಮೆಯಿಂದ ಹೊರಟ ಮೂರನೆಯ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಡಿ.ಜೆ. ಉಯಿಯಾಂಗಲೆಲೆ. ಯಂಗ್ ಅಲಬಾಮಾಕ್ಕೆ ಹೋದ, ಸ್ಟ್ರೌಡ್ ಒಹಾಯೋ ಸ್ಟೇಟ್‌ಗೆ, ಉಯಿಯಾಂಗಲೆಲೆ ದಕ್ಷಿಣ ಕ್ಯಾರೊಲಿನಾದ ಕ್ಲೆಮ್ಸನ್‌ಗೆ. ಲಾಸ್ ಏಂಜಲೀಸ್ ನಗರದ ನಡುವೆಯೇ ಇರುವ, ಈ ಆಟದಲ್ಲಿ ದೊಡ್ಡ ಇತಿಹಾಸವುಳ್ಳ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಎಲ್ಲರ ಬಾಯಲ್ಲಿ ಯುಎಸ್‌ಸಿ ಆಗಿರುವ ಸಂಸ್ಥೆಗೆ, ಮೂವರಲ್ಲಿ ಒಬ್ಬನೂ ದಕ್ಕಲಿಲ್ಲ. ಯಂಗ್ ಓದಿದ ಮಾಟರ್ ಡೇ ಹೈಸ್ಕೂಲು ಯುಎಸ್‌ಸಿಯಿಂದ ಸುಮಾರು ಐವತ್ತು ಕಿಲೋಮೀಟರ್. ಅವನು ಆರಿಸಿಕೊಂಡ ಅಲಬಾಮಾದ ಟಸ್ಕಲೂಸಾ ಸುಮಾರು ಮೂರು ಸಾವಿರ ಕಿಲೋಮೀಟರ್.

ಇಂಥದ್ದು ನಡೆದಾಗಲೆಲ್ಲ ಅಮೆರಿಕದ ಅಭಿಮಾನಿಗಳು ರಾಜ್ಯಕ್ಕೆ ಬೇಲಿ ಹಾಕಬೇಕು ಎನ್ನುತ್ತಾರೆ. ಬೇಲಿ ಹಾಕಿ ಗೆದ್ದವರೂ ಇದ್ದಾರೆ. 1979ರಲ್ಲಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದ ಹವರ್ಡ್ ಶ್ನೆಲೆನ್‌ಬರ್ಗರ್ ಫ್ಲಾರಿಡಾದ ದಕ್ಷಿಣ ಭಾಗವನ್ನೇ ಒಂದು ಪ್ರತ್ಯೇಕ ರಾಜ್ಯವೆಂದು ಕರೆದು, ಅಲ್ಲಿನ ಒಳ್ಳೆಯ ಹುಡುಗರನ್ನು ಹೊರಗೆ ಬಿಡೆನೆಂದು ಹಟ ತೊಟ್ಟರು. ಮುಚ್ಚಿಹೋಗಬಹುದೆಂಬ ಸ್ಥಿತಿಯಲ್ಲಿದ್ದ ತಂಡ 1983ರ ಋತುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಯುಎಸ್‌ಸಿಯಲ್ಲಿ 2001ರಿಂದ 2009ರವರೆಗೆ ಪೀಟ್ ಕ್ಯಾರಲ್ ಅದನ್ನೇ ಮಾಡಿದರು. ಮಾಟರ್ ಡೇಯ ಮ್ಯಾಟ್ ಲೈನಾರ್ಟ್, ಸ್ಯಾನ್ ಡಿಯೇಗೋ ಕಡೆಯ ರೆಜ್ಜಿ ಬುಷ್ ಇಬ್ಬರೂ ಮನೆ ಹತ್ತಿರವೇ ಉಳಿದರು, ಇಬ್ಬರೂ ಕಾಲೇಜು ಆಟದ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿ ಪಡೆದರು. ಅದೇ ನೆಲ, ಅದೇ ಹೈಸ್ಕೂಲುಗಳು, ಅದೇ ಹವೆ. ಹತ್ತು ವರ್ಷದೊಳಗೆ ಬೇಲಿ ಬಿದ್ದದ್ದು ಹೇಗೆ? ಹೊರಗಿನವರು ಬಂದು ಕಿತ್ತರು ಎನ್ನುವುದು ಸುಲಭದ ಉತ್ತರ. ನನ್ನ ವಾದ ಬೇರೆ. ಊರ ತಂಡ ಊರ ಹುಡುಗನನ್ನು ಕಳೆದುಕೊಳ್ಳುವುದು ಬಹುಪಾಲು ತನ್ನದೇ ಅನಿಶ್ಚಿತತೆಯಿಂದ. ಮುಂದಿನ ಮೂರು ವರ್ಷ ಕೋಚ್ ಕುರ್ಚಿಯಲ್ಲಿ ಯಾರಿರುತ್ತಾರೆ ಎಂದು ಹೇಳಲಾಗದ ತಂಡಕ್ಕೆ ಹತ್ತಿರವಿರುವುದರಿಂದ ಲಾಭವಿಲ್ಲ, ನಷ್ಟವೇ ಹೆಚ್ಚು.

ನಷ್ಟ ಏಕೆಂದು ತಿಳಿಯಲು ಈ ಆಯ್ಕೆ ನಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿಶ್ವವಿದ್ಯಾಲಯವೊಂದು ತನ್ನ ಖರ್ಚಿನಲ್ಲಿ ಹುಡುಗನನ್ನು ಕರೆಸಿಕೊಳ್ಳುವ ಅಧಿಕೃತ ಭೇಟಿಗೆ ಸುಮಾರು ಎರಡು ದಿನದ ಮಿತಿಯಿದೆ. ದೂರದ ತಂಡಕ್ಕೆ ಆ ಎರಡು ದಿನವೇ ಸಾಕು. ವಿಮಾನ ನಿಲ್ದಾಣದಿಂದ ಕರೆತರುವುದು, ತುಂಬಿದ ಕ್ರೀಡಾಂಗಣ, ಅವನ ಅಳತೆಯ ಜೆರ್ಸಿ, ಮುಖ್ಯ ಕೋಚ್ ಮನೆಯಲ್ಲಿ ಊಟ, ತಂದೆತಾಯಿಯ ಜೊತೆ ಓದಿನ ಮಾತು. ಪ್ರತಿ ಗಂಟೆಗೂ ಲೆಕ್ಕವಿರುತ್ತದೆ. ಊರ ತಂಡವನ್ನು ಮಾತ್ರ ಅದೇ ಹುಡುಗ ಎಂಟನೇ ತರಗತಿಯಿಂದ ನೋಡುತ್ತ ಬಂದಿರುತ್ತಾನೆ. ಸೋತ ಶನಿವಾರ, ಅರ್ಧ ಖಾಲಿ ಗ್ಯಾಲರಿ, ಕೋಚನ್ನು ತೆಗೆಯಿರಿ ಎಂಬ ಪತ್ರಿಕಾ ಬರಹ, ತನಗಿಂತ ಎರಡು ವರ್ಷ ಮುಂದಿದ್ದ ಹುಡುಗ ಅಲ್ಲಿಗೆ ಸೇರಿ ಬೆಂಚಿನಲ್ಲೇ ಉಳಿದದ್ದು, ಎಲ್ಲವೂ ಅವನ ಹೈಸ್ಕೂಲಿನ ಲಾಕರ್ ಕೋಣೆಯಲ್ಲಿ ದಿನದ ಸುದ್ದಿ. ಇದನ್ನು ಕಂಡು ದೂರದ ಬೆಟ್ಟ ನುಣ್ಣಗೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹತ್ತಿರದ ಬೆಟ್ಟ ಒರಟಾಗಿರುವುದೂ ಅಷ್ಟೇ ನಿಜ. ಹುಡುಗ ಅದನ್ನು ಬರಿಗಣ್ಣಿನಿಂದಲೇ ಕಂಡಿದ್ದಾನೆ.

ಯುಎಸ್‌ಸಿಯ ಆ ವರ್ಷಗಳನ್ನೇ ತೆಗೆದುಕೊಳ್ಳಿ. 2010ರ ಜನವರಿಯಲ್ಲಿ ಕ್ಯಾರಲ್ ಹೊರಟಮೇಲೆ ಲೇನ್ ಕಿಫಿನ್ ಬಂದರು, 2013ರಲ್ಲಿ ಋತುವಿನ ನಡುವೆಯೇ ಅವರನ್ನು ತೆಗೆದರು. ತಾತ್ಕಾಲಿಕವಾಗಿ ಎಡ್ ಓರ್ಜರಾನ್, ಆಮೇಲೆ ಸ್ಟೀವ್ ಸಾರ್ಕೀಸಿಯನ್. ಅವರೂ 2015ರಲ್ಲಿ ಋತುವಿನ ನಡುವೆ ಹೊರಬಿದ್ದರು. ಕ್ಲೇ ಹೆಲ್ಟನ್ ಬಂದರು. 2018ರಲ್ಲಿ ಹೆಲ್ಟನ್ ತಂಡ ಐದು ಗೆದ್ದು ಏಳು ಸೋತಿತು. ಅಲ್ಲಿಂದಾಚೆಗೆ ಅವರು ಉಳಿಯುತ್ತಾರೋ ಇಲ್ಲವೋ ಎನ್ನುವುದೇ ಪ್ರತಿ ವಾರದ ಚರ್ಚೆ. ಯಂಗ್ 2018ರಲ್ಲೇ ಯುಎಸ್‌ಸಿಗೆ ಬಾಯಿಮಾತು ಕೊಟ್ಟಿದ್ದ. 2019ರ ಸೆಪ್ಟೆಂಬರ್ ಆರಂಭದಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಲಿನ್ ಸ್ವಾನ್ ರಾಜೀನಾಮೆ ಕೊಟ್ಟರು. ಅಂದರೆ ಕೋಚ್ ಭವಿಷ್ಯ ತೀರ್ಮಾನಿಸಬೇಕಾದ ಕುರ್ಚಿಯೂ ಖಾಲಿ. ಅದೇ ತಿಂಗಳು ಯಂಗ್ ಮಾತು ಬದಲಿಸಿ ಅಲಬಾಮಾ ಎಂದ. ಅಲ್ಲಿ ಅವನನ್ನು ಒಲಿಸಿಕೊಂಡವರಲ್ಲಿ ಮುಖ್ಯರು, ಆಗ ಅಲಬಾಮಾದ ಆಕ್ರಮಣ ವಿಭಾಗದ ಕೋಚ್ ಆಗಿದ್ದ ಸಾರ್ಕೀಸಿಯನ್. ಲಾಸ್ ಏಂಜಲೀಸ್ ಪಕ್ಕದ ಟಾರೆನ್ಸ್‌ನಲ್ಲಿ ಬೆಳೆದವರು, ಯುಎಸ್‌ಸಿ ನಾಲ್ಕು ವರ್ಷ ಹಿಂದೆ ಹೊರಕಳಿಸಿದವರು. ಕುರ್ಚಿ ಬದಲಾದಂತೆಲ್ಲ ಊರ ಹೈಸ್ಕೂಲುಗಳೊಂದಿಗಿನ ನಂಟೂ ಆ ಮನುಷ್ಯರ ಜೊತೆಗೇ ಹೊರಟುಹೋಗುತ್ತದೆ ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣದು. ಯುಎಸ್‌ಸಿ ಕೊನೆಗೂ ಹೆಲ್ಟನ್ ಅವರನ್ನು ಉಳಿಸಿಕೊಳ್ಳುತ್ತೇವೆ ಎಂದು ಘೋಷಿಸಿದ್ದು ಡಿಸೆಂಬರ್ ಮೊದಲ ವಾರದಲ್ಲಿ. 2017ರಿಂದ ಡಿಸೆಂಬರ್‌ನಲ್ಲೇ ಸಹಿ ಹಾಕುವ ಅವಕಾಶ ಬಂದಿದ್ದರಿಂದ ಹುಡುಗರ ಸಹಿಗೆ ಉಳಿದದ್ದು ಎರಡೇ ವಾರ. ಮತ್ತೆ 2021ರಲ್ಲಿ ಎರಡು ಪಂದ್ಯ ಮುಗಿಯುತ್ತಿದ್ದಂತೆ ಅವರನ್ನೇ ತೆಗೆದರು. ಹುಡುಗರು ಏನಾದೀತೆಂದು ಅಂಜಿದ್ದರೋ ಅದೇ ಆಯಿತು.

ಒಂದೇ ತಂಡದ ಕಥೆಯಿಂದ ಸಿದ್ಧಾಂತ ಕಟ್ಟಬಾರದು. ಮಯಾಮಿಗೆ ಮರಳೋಣ. ಮಯಾಮಿ ನಾರ್ತ್‌ವೆಸ್ಟರ್ನ್ ಹೈಸ್ಕೂಲಿನ ಟೆಡ್ಡಿ ಬ್ರಿಜ್‌ವಾಟರ್ ಊರ ವಿಶ್ವವಿದ್ಯಾಲಯಕ್ಕೇ ಮಾತು ಕೊಟ್ಟಿದ್ದ. 2010ರ ನವೆಂಬರ್‌ನಲ್ಲಿ ಕೋಚ್ ರ‍್ಯಾಂಡಿ ಶಾನನ್ ಅವರನ್ನು ತೆಗೆದಮೇಲೆ ಅವನು ಚಾರ್ಲಿ ಸ್ಟ್ರಾಂಗ್ ಕೋಚ್ ಆಗಿದ್ದ ಲೂಯಿವಿಲ್ ಸೇರಿದ. 2013ರ ಜನವರಿಯ ಶುಗರ್ ಬೌಲ್‌ನಲ್ಲಿ ಅವನ ಲೂಯಿವಿಲ್ ಸೋಲಿಸಿದ್ದು ಅವನ ತವರು ರಾಜ್ಯದ್ದೇ ಆದ ಫ್ಲಾರಿಡಾ ವಿಶ್ವವಿದ್ಯಾಲಯವನ್ನು. ಇಲ್ಲಿ ಊರು ಬದಲಾಗಿರಲಿಲ್ಲ, ಕ್ಯಾಂಪಸ್ ಬದಲಾಗಿರಲಿಲ್ಲ, ಬದಲಾದದ್ದು ಒಬ್ಬ ಮನುಷ್ಯ ಮಾತ್ರ. ಇದರ ತಿರುವುಮುರುವು ಪ್ರಕರಣವೂ ಇದೆ. ಕ್ಯಾಲಿಫೋರ್ನಿಯಾದ ಲಾಸ್ ಅಲಮಿಟೋಸ್‌ನ ಮಲಕೈ ನೆಲ್ಸನ್ ಮತ್ತು ಮಕಾಯ್ ಲೆಮನ್ ಇಬ್ಬರೂ ಕೋಚ್ ಲಿಂಕನ್ ರೈಲಿ ಅವರನ್ನು ನಂಬಿ ಒಕ್ಲಹೋಮಾಕ್ಕೆ ಮಾತು ಕೊಟ್ಟಿದ್ದರು. 2021ರ ನವೆಂಬರ್ ಕೊನೆಗೆ ರೈಲಿ ಯುಎಸ್‌ಸಿಗೆ ಬಂದರು, ಹುಡುಗರೂ ಯುಎಸ್‌ಸಿ ಕಡೆ ತಿರುಗಿದರು. ಮನೆ ಮೊದಲೂ ಅಷ್ಟೇ ಹತ್ತಿರವಿತ್ತಲ್ಲ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಹಣದ್ದು. ಇದೆಲ್ಲ ದುಡ್ಡಿನ ಆಟ, ಹೆಚ್ಚು ಕೊಟ್ಟವನಿಗೆ ಹುಡುಗ ಎನ್ನುವವರು ದಿನಾಂಕಗಳನ್ನು ನೋಡಲಿ. ಆಟಗಾರರಿಗೆ ತಮ್ಮ ಹೆಸರು, ಮುಖಗಳಿಂದ ಗಳಿಸಲು ಅನುಮತಿ ಸಿಕ್ಕಿದ್ದು 2021ರ ಜುಲೈ 1ರಂದು. ಬ್ರಿಜ್‌ವಾಟರ್ ಹೋದದ್ದು, ಯಂಗ್ ಹೋದದ್ದು ಅದಕ್ಕೂ ಮುಂಚೆ. ಮೇಜಿನ ಕೆಳಗೆ ಹಣ ಓಡಾಡುತ್ತಿರಲಿಲ್ಲ ಎಂದಲ್ಲ. 1987ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಇಡೀ ಋತುವನ್ನೇ ರದ್ದು ಮಾಡಿದ್ದು ಅದಕ್ಕೇ. ಆದರೆ ಆ ಹಣ ದೂರದವರ ಕೈಯಲ್ಲಿ ಮಾತ್ರ ಇತ್ತೆನ್ನಲು ಆಧಾರವಿಲ್ಲ, ಊರಿನಲ್ಲಿ ಸಿರಿವಂತ ಅಭಿಮಾನಿಗಳು ಹೆಚ್ಚೇ ಇರುತ್ತಾರೆ. 2021ರ ನಂತರ ಹಣದ ತೂಕ ಬೆಳೆದಿದೆ, ಒಪ್ಪುತ್ತೇನೆ. ಆದರೂ ಟೆಕ್ಸಸ್ ಎ ಆಂಡ್ ಎಂ 2022ರಲ್ಲಿ ಸೇರಿಸಿಕೊಂಡ ಗುಂಪಿನ ಗತಿ ನೋಡಿ. ದೇಶದಲ್ಲೇ ಮೊದಲ ಸ್ಥಾನ ಪಡೆದ ಗುಂಪು ಅದು. ಮರುವರ್ಷದ ನವೆಂಬರ್‌ನಲ್ಲಿ ಕೋಚ್ ಜಿಂಬೋ ಫಿಶರ್ ಅವರನ್ನು 75 ದಶಲಕ್ಷ ಡಾಲರ್‌ಗೂ ಮೀರಿದ ಪರಿಹಾರ ತೆತ್ತು ತೆಗೆಯಬೇಕಾಯಿತು. ಟೆಕ್ಸಸ್‌ನವರೇ ಆದ ಇವಾನ್ ಸ್ಟೂವರ್ಟ್, ಕಾನರ್ ವೇಗ್‌ಮನ್ ಸೇರಿದಂತೆ ಆ ಗುಂಪಿನ ಹಲವರು ಒಬ್ಬೊಬ್ಬರಾಗಿ ಬೇರೆಡೆ ಹೋದರು. ಹಣ ಸಹಿ ಹಾಕಿಸಬಲ್ಲದು. ಹುಡುಗನನ್ನು ಉಳಿಸಿಕೊಳ್ಳಲು ಅದೊಂದೇ ಸಾಲದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕ್ವಾರ್ಟರ್‌ಬ್ಯಾಕ್ ಜಾಗ ತಂಡಕ್ಕೆ ಒಂದೇ. ಅದು ತುಂಬಿದ್ದರೆ ಹುಡುಗ ಬೇರೆ ಕಡೆ ನೋಡುವುದು ಸಹಜ. ಯಂಗ್ ಮಾತು ಬದಲಿಸುವ ಹೊತ್ತಿಗೆ ಯುಎಸ್‌ಸಿಯಲ್ಲಿ ಎರಡನೇ ವರ್ಷದ ಜೆ.ಟಿ. ಡೇನಿಯಲ್ಸ್ ಇದ್ದ, ಅವನಿಗೆ ಪೆಟ್ಟಾದಾಗ ಮೊದಲ ವರ್ಷದ ಕೀಡನ್ ಸ್ಲೋವಿಸ್ ಎದ್ದುಬಂದಿದ್ದ. ಈ ಕಾರಣವನ್ನು ತಳ್ಳಿಹಾಕಲಾರೆ. ಜಾರ್ಜಿಯಾದ ಕರ್ಬಿ ಸ್ಮಾರ್ಟ್ ಅವರಂಥ ಭದ್ರ ಕೋಚ್ ಕೂಡ ತಮ್ಮ ರಾಜ್ಯದ ಟ್ರೆವರ್ ಲಾರೆನ್ಸ್‌ನನ್ನು ಕ್ಲೆಮ್ಸನ್‌ಗೆ ಬಿಟ್ಟುಕೊಟ್ಟರು, ಊರಿನವನೇ ಆದ ಜಸ್ಟಿನ್ ಫೀಲ್ಡ್ಸ್ ಒಂದು ವರ್ಷ ಜೇಕ್ ಫ್ರಾಮ್ ಹಿಂದೆ ಕಾದು ಒಹಾಯೋ ಸ್ಟೇಟ್‌ಗೆ ಹೋದ. ಆದರೆ ಯಂಗ್ ಅಲಬಾಮಾದಲ್ಲೂ ಮೊದಲ ವರ್ಷ ಮ್ಯಾಕ್ ಜೋನ್ಸ್ ಹಿಂದೆ ಕೂತ. ಅವನು ಆರಂಭಿಕ ಆಟಗಾರನಾಗುವ ಮೊದಲೇ, 2021ರ ಜನವರಿಯಲ್ಲಿ, ಸಾರ್ಕೀಸಿಯನ್ ಟೆಕ್ಸಸ್‌ಗೆ ಹೊರಟರು. ಯಂಗ್ ಕದಲಲಿಲ್ಲ, ಏಕೆಂದರೆ ಮುಖ್ಯ ಕೋಚ್ ನಿಕ್ ಸೇಬನ್ 2007ರಿಂದ ಕೂತ ಕುರ್ಚಿಯಲ್ಲೇ ಇದ್ದರು. 2021ರ ಋತುವಿನ ಕೊನೆಗೆ ಹೈಸ್ಮನ್ ಯಂಗ್‌ನದಾಯಿತು. ಅಲ್ಲದೆ ಜಾಗದ ಲೆಕ್ಕ ಕ್ವಾರ್ಟರ್‌ಬ್ಯಾಕ್‌ಗೆ ಸರಿ, ರಕ್ಷಣೆ ಆಡುವವರಿಗೆ ಸರಿಹೊಂದದು. ಲಾಸ್ ಏಂಜಲೀಸ್‌ನ ಕೇವಾನ್ ಟಿಬಡೋ 2019ರಲ್ಲಿ, ಅಪ್ಲ್ಯಾಂಡ್‌ನ ಜಸ್ಟಿನ್ ಫ್ಲೋ 2020ರಲ್ಲಿ, ಇಬ್ಬರೂ ದೇಶದ ಮುಂಚೂಣಿಯ ಹುಡುಗರು, ಸೇರಿದ್ದು ಯುಎಸ್‌ಸಿಯ ನೇರ ಎದುರಾಳಿ ಆರೆಗನ್‌ಗೆ. ಅವರಿಗೆ ಊರಲ್ಲಿ ಜಾಗವಿರಲಿಲ್ಲ ಎಂದು ಯಾರೂ ಹೇಳಲಾರರು.

ಯುಎಸ್‌ಸಿ ಪರವಾಗಿ ಇನ್ನೊಂದು ವಾದವಿದೆ: 2010ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ವಿಧಿಸಿದ ಶಿಕ್ಷೆ, 30 ಸ್ಕಾಲರ್‌ಶಿಪ್‌ಗಳ ಕಡಿತ, ತಂಡವನ್ನು ಕುಗ್ಗಿಸಿತೆಂದು. ಕುಗ್ಗಿಸಿತು, ನಿಜ. ಆದರೆ 2018ರಲ್ಲಿ ಅದೇ ಮಾಟರ್ ಡೇಯಿಂದ ಡೇನಿಯಲ್ಸ್, ಅಮಾನ್-ರಾ ಸೇಂಟ್ ಬ್ರೌನ್ ಇಬ್ಬರೂ ಯುಎಸ್‌ಸಿಗೇ ಬಂದಿದ್ದರು. ಶಿಕ್ಷೆಯ ಗಾಯ 2018ರಲ್ಲಿ ಕಾಣದೆ 2020ರಲ್ಲಿ ಕಂಡೀತೇ?

ಹುಡುಗ ರಾಜ್ಯಕ್ಕೆ ದ್ರೋಹ ಬಗೆದ ಎಂಬ ಮಾತಂತೂ ನನಗೆ ಸಹಿಸಲಾಗದು. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಸ್‌ನಲ್ಲೋ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಗೊತ್ತಿರುವ ಲೆಕ್ಕವೊಂದಿದೆ: ಮಕ್ಕಳು ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿದರೆ ಶುಲ್ಕ ಎಷ್ಟೋ ಕಡಿಮೆ. ಸಾಮಾನ್ಯ ಮನೆಗಳನ್ನು ರಾಜ್ಯದೊಳಗೆ ಹಿಡಿದಿಡುವ ಬಲವಾದ ಕಾರಣ ಅದು. ಪೂರ್ಣ ಸ್ಕಾಲರ್‌ಶಿಪ್ ಪಡೆದ ಫುಟ್‌ಬಾಲ್ ಹುಡುಗನಿಗೆ ಆ ವ್ಯತ್ಯಾಸವೇ ಇಲ್ಲ. ರಾಜ್ಯ ಅವನಿಗೆ ಏನನ್ನೂ ಅಗ್ಗವಾಗಿ ಕೊಡುತ್ತಿಲ್ಲ. ಅವನು ಪಣಕ್ಕಿಡುತ್ತಿರುವುದು ತನ್ನ ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ದೇಹವನ್ನು. ಹೈಸ್ಕೂಲು ಮುಗಿದು ಮೂರು ವರ್ಷವಾಗುವವರೆಗೆ ಎನ್‌ಎಫ್‌ಎಲ್ ಬಾಗಿಲು ತೆರೆಯುವುದಿಲ್ಲ. ಆ ಮೂರು ವರ್ಷ ತನ್ನನ್ನು ಯಾರು ಬೆಳೆಸುತ್ತಾರೆಂದು ಕೇಳುವುದು ದ್ರೋಹವಲ್ಲ. ಫ್ಲಾರಿಡಾದ ಲಮಾರ್ ಜಾಕ್ಸನ್‌ನ ತಾಯಿ ಮಗನನ್ನು ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿಸಬೇಕೆಂದು ಪಟ್ಟು ಹಿಡಿದರು, ಆ ಭರವಸೆ ಕೊಟ್ಟ ಲೂಯಿವಿಲ್‌ಗೆ ಅವನು ಹೋದ, 2016ರಲ್ಲಿ ಹೈಸ್ಮನ್ ಗೆದ್ದ. ಹೋದವರೆಲ್ಲ ಗೆದ್ದರೆಂದೂ ಅಲ್ಲ. ಕ್ಲೆಮ್ಸನ್‌ನಲ್ಲಿ ಉಯಿಯಾಂಗಲೆಲೆ ಅಂದುಕೊಂಡಂತೆ ಬೆಳೆಯಲಿಲ್ಲ, ಆರೆಗನ್ ಸ್ಟೇಟ್‌ಗೆ, ಅಲ್ಲಿಂದ ಫ್ಲಾರಿಡಾ ಸ್ಟೇಟ್‌ಗೆ ಅಲೆದ. ಭದ್ರವಾದ ಕುರ್ಚಿ ಯಶಸ್ಸಿನ ಖಾತರಿಯಲ್ಲ. ಹದಿನೇಳರ ಹುಡುಗನ ಕೈಗೆ ಸಿಗುವ ಸುಳಿವುಗಳಲ್ಲಿ ನಂಬಬಹುದಾದದ್ದು ಅದು, ಅಷ್ಟೇ.

ಹಾಗಾದರೆ ಹತ್ತಿರಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಎರಡನೆಯ ಸರದಿಯಲ್ಲಿ ಬರುತ್ತದೆ. 2024ರ ಜನವರಿ 10ರಂದು ಸೇಬನ್ ನಿವೃತ್ತರಾದಾಗ ಅಲಬಾಮಾಕ್ಕೇ ಈ ಪರೀಕ್ಷೆ ಎದುರಾಯಿತು. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಿಂದ ಆಗಷ್ಟೇ ಬಂದು ಸೇರಿದ್ದ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್ ಅದೇ ತಿಂಗಳು ಒಹಾಯೋ ಸ್ಟೇಟ್‌ಗೆ ಹೊರಟ. ಅಲಬಾಮಾದ್ದೇ ಸ್ಯಾರಲ್ಯಾಂಡ್‌ನ ರಯನ್ ವಿಲಿಯಮ್ಸ್ ಕೂಡ ಕೊಟ್ಟ ಮಾತು ಹಿಂತೆಗೆದುಕೊಂಡ. ರಾಜ್ಯದೊಳಗಿನ ಬದ್ಧ ಎದುರಾಳಿ ಆಬರ್ನ್ ಸೇರಿದಂತೆ ಹಲವರು ಅವನ ಬೆನ್ನು ಹತ್ತಿದರು. ಆದರೆ ಅಲಬಾಮಾ ಎರಡೇ ದಿನದಲ್ಲಿ ಕೇಲನ್ ಡಿಬೋರ್ ಅವರನ್ನು ಕುರ್ಚಿಯಲ್ಲಿ ಕೂರಿಸಿತ್ತು. ವಿಲಿಯಮ್ಸ್ ಮತ್ತೆ ಎಲ್ಲವನ್ನೂ ನೋಡಿ, ಫೆಬ್ರವರಿಯಲ್ಲಿ ಅಲಬಾಮಾಕ್ಕೇ ಸಹಿ ಹಾಕಿದ. ದೂರದಿಂದ ಬಂದವನು ಹೋದ, ಊರಿನವನು ಮರಳಿದ. ಆ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ವಿರುದ್ಧ ಪಂದ್ಯ ಕೈತಪ್ಪುತ್ತಿದ್ದಾಗ 75 ಗಜದ ಟಚ್‌ಡೌನ್ ಹೊಡೆದು ಅಲಬಾಮಾವನ್ನು 41-34ರಿಂದ ಗೆಲುವಿನ ದಡ ಸೇರಿಸಿದವನು ಅವನೇ. ಆಗ ಅವನಿಗೆ ಹದಿನೇಳು ವರ್ಷ. ಡಿಬೋರ್ ನೇಮಕ ಎರಡು ದಿನದ ಬದಲು ಎರಡು ತಿಂಗಳು ಎಳೆದಿದ್ದರೆ ಆ ಓಟವನ್ನು ಅವನು ಬೇರೆ ಯಾವುದೋ ಜೆರ್ಸಿಯಲ್ಲಿ ಓಡುತ್ತಿದ್ದ ಎಂದೇ ನಾನು ನಂಬಿದ್ದೇನೆ.